ಮುಚ್ಚಿದ ಬಂಡಿದಾರಿ

"ಬಂಡಿದಾರಿ ಮುಚ್ಚಬ್ಯಾಡ್ರಿ ಸಾಹುಕಾರ. ಆ ದಾರಿ ಕಾಯೋ ದೆವ್ವ ಐತಿ, ಬೇಲಿ ಹಾಕಿದವರು ಯಾರೂ ಉದ್ಧಾರ ಆಗಿಲ್ಲ."

ಮುದುಕಿ ಕಳಕಮ್ಮನ ಮಾತಿಗೆ ಯಂಕೋಬ ಗಹಗಹಿಸಿ ನಕ್ಕ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಗಂಗಾವತಿ ಕಡೆಯಿಂದ ಬಂದ ಅವನು ಯಲಬುರ್ಗಾದ ಹತ್ತಿರ ಎರೆಹೊಲ ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಹೊಸ ಕಾಯ್ದೆ ಬಂದೈತಿ ಮುದುಕಿ. ಹೊಲದಾಗಿನ ದಾರಿ ಕಾಗದದಾಗ ಇಲ್ಲಂದ್ರ ಮಾಲಕ ಮುಚ್ಚಬಹುದು. ನಿನ್ನ ದೆವ್ವಕ್ಕ ಹೇಳು, ಕಚೇರಿಗೆ ಹೋಗಿ ಫಿರ್ಯಾದಿ ಕೊಡಲಿ!"

ಹೊಲದ ಸುತ್ತ ಆಳೆತ್ತರಕ್ಕೆ ಜಾಲಿಮುಳ್ಳು ಒಟ್ಟಿಸಿ, ತಾನು ಹೋಗಿಬರಲು ಒಂದು ಸಂದು ಮಾತ್ರ ಬಿಟ್ಟುಕೊಂಡ.

ಆ ವಾರವೇ ಕಳಕಮ್ಮನ ಸೊಸೆ ಪಾರಮ್ಮ ಹೆತ್ತಳು. ನೆತ್ತರು ನಿಲ್ಲಲಿಲ್ಲ. ದವಾಖಾನೆಗೆ ಹೊರಟ ಬಂಡಿ ಬೇಲಿಯ ಮುಂದೆ ನಿಂತಿತು. "ದಾರಿ ಬಿಡ್ರೀ ಯಪ್ಪಾ" ಎಂದು ಪಾರಮ್ಮ ಮಲಗಿದಲ್ಲಿಂದಲೇ ಕೈಮುಗಿದಳು. ಸಂದಿಗೆ ಅಡ್ಡ ನಿಂತ ಯಂಕೋಬ ಕದಲಲಿಲ್ಲ. ಬಂಡಿ ಹಳ್ಳ ಬಳಸಿ ಹೋಯಿತು. ಹಳ್ಳದ ಉಸುಕಿನಲ್ಲೇ ಅವಳ ಉಸಿರು ನಿಂತಿತು. ಕೂಸು ಉಳಿಯಿತು.

ಅಮಾವಾಸ್ಯೆಯ ಮಟಮಟ ಮಧ್ಯಾಹ್ನ ಯಂಕೋಬ ಹೊಲಕ್ಕೆ ಬಂದಾಗ ಸಂದಿನಲ್ಲಿ ಹಿಟ್ಟಿನ ಗೊಂಬೆಯೊಂದು ಬಿದ್ದಿತ್ತು. ಮೈತುಂಬ ಮುಳ್ಳು ಚುಚ್ಚಿತ್ತು. ಸುಟ್ಟ ಕೂದಲಿನ, ಹಸಿ ನೆತ್ತರಿನ ನಾತ. "ಥೂ" ಎಂದು ಉಗುಳಿ, ಒದ್ದು, ಜೋಳದೊಳಗೆ ನುಗ್ಗಿದ.

ಗಾಳಿ ನಿಂತಿತು. ಹಕ್ಕಿಗಳ ಸದ್ದಡಗಿತು. ಗಾಳಿಯಿಲ್ಲದೆಯೇ ಜೋಳದ ದಂಟುಗಳು ಕರಕರ ಎಂದವು. ತಿರುಗಿ ನೋಡಿದ. ಸಂದು ಇರಲಿಲ್ಲ. ಬೇಲಿಯಗುಂಟ ಓಡಿದ. ಮುಳ್ಳು. ಬರೀ ಮುಳ್ಳು. ನೆತ್ತಿಯ ಮೇಲೆ ಸೂರ್ಯನಿದ್ದರೂ ದಂಟುಗಳ ನಡುವೆ ಕತ್ತಲೆ ಹೆಪ್ಪುಗಟ್ಟಿತು. ಹಿಂದೆ ಬಂಡಿಯ ಗಾಲಿ ಕಿರುಗುಟ್ಟಿತು. ಹತ್ತಿರ. ಇನ್ನೂ ಹತ್ತಿರ. ಎತ್ತಿಲ್ಲ. ಬಂಡಿಯಿಲ್ಲ. ಹೆಂಗಸಿನ ನರಳಾಟ ಮಾತ್ರ.

ಬೇಲಿಯಾಚೆ ಕಳಕಮ್ಮ ಕೂತದ್ದು ಮುಳ್ಳಿನ ನಡುವೆ ಕಂಡಿತು.

"ಯವ್ವಾ, ದಾರಿ ಬಿಡವ್ವಾ!"

"ನನ್ನ ಸೊಸಿನೂ ಹಂಗ ಕೇಳಿದ್ಲು" ಎಂದಳು ಮುದುಕಿ. ಏಳಲಿಲ್ಲ.

ಕುತ್ತಿಗೆಯ ಮೇಲೆ ತಣ್ಣನೆಯ ಬೆರಳುಗಳು ಕೂತವು. ಯಂಕೋಬ ತಲೆಕೊಟ್ಟು ಬೇಲಿಗೆ ನುಗ್ಗಿದ. ಮುಳ್ಳು ಕೆನ್ನೆ ಸೀಳಿತು. ಕಣ್ಣಿಗಿಳಿಯಿತು. ಎರಡಕ್ಕೂ.

ಆಚೆ ಬಿದ್ದಾಗ ಜೀವವಿತ್ತು. ಬೆಳಕಿರಲಿಲ್ಲ.

ಅವನ ಹೆಂಡತಿ ಹಂಪವ್ವ, ಎಳೆಗೂಸಿನ ತಾಯಿ, ತಾನೇ ನಿಂತು ಬೇಲಿ ಸುಡಿಸಿದಳು. ಕೆಲವು ದಿನಗಳ ಮೇಲೆ ಕಳಕಮ್ಮ ಮೊಮ್ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳ ಬಾಗಿಲಿಗೆ ಬಂದಳು.

"ಆಡಿನ ಹಾಲು ಇದಕ್ಕ ಒಗ್ಗವಲ್ದು. ನಿನ್ನ ಎದಿಯಾಗ ಹಾಲೈತಿ. ಕೊಡ್ತೀಯೋ ಇಲ್ಲೋ?"

ಹಂಪವ್ವ ಕೂಸನ್ನು ಇಸಿದುಕೊಂಡು ಎದೆಗೆ ಹಚ್ಚಿದಳು.

ಪಡಸಾಲೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಯಂಕೋಬ ಕಿವಿಗೊಟ್ಟ. ತೊಟ್ಟಿಲಲ್ಲಿ ತನ್ನ ಮಗು ಹಸಿದು ಚೀರುತ್ತಿತ್ತು. ಇತ್ತ ಇನ್ನೊಂದು ಬಾಯಿ ಗುಟುಕು ಗುಟುಕಾಗಿ ಹಾಲು ಹೀರುತ್ತಿತ್ತು.

"ಯಾರದದು ಕೂಸು? ಹಂಪೀ, ಯಾರದದು?"

ಹಂಪವ್ವ ಪಾರಮ್ಮನ ಕೂಸನ್ನು ಇನ್ನೊಂದು ಎದೆಗೆ ಬದಲಿಸಿಕೊಂಡಳು.