ಏಳನೇ ಮಡು

"ಕೈ ಮೇಲೆತ್ತು, ವಾಚರ್! ತಿರುಗಿದ್ರೆ ಸುಟ್ಬಿಡ್ತೀನಿ!"

ಬಂದೂಕಿನ ನಳಿಗೆ ನನ್ನ ಕತ್ತಿಗೆ ಒತ್ತಿತು. ನಡುಹಗಲ ಬಿಸಿಲಿಗೆ ಕಾದ ಕಬ್ಬಿಣ... ಚರ್ಮ ಚುರ್ ಎಂದಿತು!

ನಾನು ಮೊಣಕಾಲುದ್ದ ಕೆಸರಿನಲ್ಲಿದ್ದೆ. ಕೈಯಲ್ಲಿ ಅಳತೆಯ ಬಿದಿರಿನ ಗಳ. ಧ್ವನಿಯ ಗುರುತು ಸಿಕ್ಕಿತು. ಲಕ್ಕಣ್ಣ! ತರೀಕೆರೆ ಸಂತೆಗೆ ಕದ್ದ ಮೀನು ಸಾಗಿಸುವ ಆಸಾಮಿ. ಅವನ ಚೀಲ ನನ್ನ ಮಗ್ಗುಲಿಗೆ ದೊಪ್ಪೆಂದು ಬಿತ್ತು. ಅರೆದ ಕಾರೆಕಾಯಿ! ನೀರಿಗೆ ನಾಲ್ಕು ಹಿಡಿ ಹಾಕಿದರೆ ಸಾಕು, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ.

ಕೇಳಿ ಸ್ವಾಮಿ, ನಾನು ತೀರ್ಥಪ್ಪ. ಮಹಾರಾಜರ ಸರ್ಕಾರದ ಗೇಮ್ ವಾಚರ್. ಊರು ಪಂಚನಹಳ್ಳಿ. ಕೊರಳಲ್ಲಿ ಲಿಂಗ, ಬಾಯಿಗೆ ಮೀನು ಇಟ್ಟವನಲ್ಲ. ಆದರೂ ಎಂಟು ವರ್ಷದಿಂದ ಮೀನು ಕಾಯುವ ಕೆಲಸ! ಹೆಬ್ಬೆ ಕಡೆಯಿಂದ ಇಳಿಯುವ ಹಳ್ಳದಲ್ಲಿ ಏಳು ಮಡು. ಗೆಂಡೆಮೀನು ಮೊಟ್ಟೆಯಿಡುವುದು ಅಲ್ಲೇ. ಪ್ರತಿ ಸೋಮವಾರ ಗಳ ಇಳಿಸಿ, ಆಳ ನೋಡಿ, ರಿಜಿಸ್ಟರಿನಲ್ಲಿ ಬರೆಯಬೇಕು.

ಅದು ಇಪ್ಪತ್ತಮೂರನೇ ಇಸವಿಯ ಬೇಸಿಗೆ. ಆರು ಮಡು ಬತ್ತಿಹೋಗಿದ್ದವು. ಏಳನೆಯದರಲ್ಲಿ ಒಂದು ಮೊಳ ನೀರು, ನಲವತ್ತು ಮೀನು. ಇವು ಹೋದರೆ ಹಳ್ಳದಲ್ಲಿ ಬೀಜಕ್ಕೂ ಗೆಂಡೆಮೀನು ಇಲ್ಲ.

"ಹೆಂಗೂ ಸಾಯೋ ಮೀನು ಕಣೋ," ಎಂದ ಲಕ್ಕಣ್ಣ. "ನೀರು ಇನ್ನೆಷ್ಟು ದಿನ?"

"ಎಂಟು."

"ಮಳೆ?"

"ಗೊತ್ತಿಲ್ಲ."

"ಮತ್ಯಾಕಪ್ಪ ಕಾಯ್ತೀಯ? ತಲೆಗಿಲೆ ಕೆಟ್ಟದಾ?"

ಎಂಟು ವರ್ಷ ಅವುಗಳ ಮರಿ ನೋಡಿದ್ದೆ!

ಗಳವನ್ನು ಹಿಂದಕ್ಕೆ ಬೀಸಿದೆ.

ಢಂ! ಗುಂಡು ಆಕಾಶಕ್ಕೆ. ಬಂದೂಕು ಕೆಸರಿಗೆ. ಲಕ್ಕಣ್ಣ ಓಟ ಕಿತ್ತ... ನಾನು ಬೆನ್ನಟ್ಟಿದೆ. ಮುಳ್ಳುಪೊದೆ, ಬಂಡೆ, ರೈಲುಹಳಿ... ಹಳಿಯ ಜಲ್ಲಿಯ ಮೇಲೆ ಜಾರಿ ಬಿದ್ದ. ಬೆನ್ನ ಮೇಲೆ ಕೂತೆ. ಅವನ ರುಮಾಲಿನಿಂದಲೇ ಕೈ ಕಟ್ಟಿ, ಎಳೆತಂದು ಮಡುವಿನ ದಡದ ಹೊಂಗೆಮರಕ್ಕೆ ಬಿಗಿದೆ.

ಗುಂಡಿನ ಸದ್ದಿಗೆ ಹಳ್ಳಿಯಲ್ಲಿ ಡಂಗುರ ಸಾರುವ ತೋಟಿ ಸಣ್ಣಬೀರಪ್ಪ ತಮಟೆ ನೇತುಹಾಕಿಕೊಂಡೇ ಓಡಿಬಂದ.

"ತಮಟೆ ಹೊಡಿ! ಮಡುಗೆ ಇಳಿದೋರಿಗೆ ಜೈಲು ಅಂತ ಸಾರು!" ಎಂದೆ.

"ಈ ಬ್ಯಾಸ್ಗೇಲಿ... ಮಡು ಪಕ್ಕ ನಿಂತಾ? ಬುದ್ಧೀ, ಅದೂ..."

"ಎದುರು ಮಾತಾಡ್ಬೇಡ! ಸರ್ಕಾರಿ ಹುಕುಂ! ನಾಲ್ಕೂರಿಗೆ ಕೇಳೋ ಹಂಗೆ ಹೊಡಿ!"

ಹೊಡೆದ. ಪಾಪ, ಗಂಟಲು ಹರಿಯುವಂತೆ ಸಾರಿದ ಕೂಡ.

ಮರದ ಬುಡದಿಂದ ಲಕ್ಕಣ್ಣ ಚೀರಿದ. "ಅಯ್ಯೋ ಮುಂಡೇದೇ! ಏನ್ ಮಾಡ್ಬಿಟ್ಟೆ!"

ಮೊದಲು ಧೂಳು ಕಂಡಿತು. ಆಮೇಲೆ ಜನ. ಬುಟ್ಟಿ, ಬಲೆ, ಹಳೇ ಸೀರೆ... ಇನ್ನೂರು ಜನ, ನಲವತ್ತು ಮೀನು!

"ನಿಲ್ಲಿ! ಮುಟ್ಬೇಡಿ!"

ಕೆಸರಿಗೆ ಬಿದ್ದಿದ್ದ ಲಕ್ಕಣ್ಣನ ಬಂದೂಕು ಎತ್ತಿದೆ. ಯಾರ ಮೇಲೆ ಹಾರಿಸಲಿ? ಕೇಕೆಯಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಸಣ್ಣಬೀರಪ್ಪ ಬೆವರೊರೆಸಿಕೊಂಡ. "ಬ್ಯಾಸ್ಗೇಲಿ ನೀರಿನ್ ಪಕ್ಕ ತಮಟೆ ಬಿದ್ರೆ ಮೀನುಬೇಟೆ ಅಂತ್ಲೇ ಬುದ್ಧೀ. ಮಾತು ದೂರಕ್ಕೆ ಕೇಳಲ್ಲ, ತಮಟೆ ಕೇಳ್ತದೆ. ಹೇಳಕ್ಕೆ ಬಿಟ್ರಾ ನೀವು?"

ಮೀನು ತಿನ್ನುವ ಮನೆಯಲ್ಲಿ ಹುಟ್ಟಿದ್ದರೆ ನನಗೂ ಗೊತ್ತಿರುತ್ತಿತ್ತು!

ಅರ್ಧ ಗಂಟೆ. ಅಷ್ಟೇ. ಮಡು ಬರೀ ಕೆಸರಾಯಿತು. ಲಕ್ಕಣ್ಣ ಅಳುತ್ತಿದ್ದ. "ನನಗೊಂದೂ ಇಲ್ವಲ್ಲೋ!"

ಕಲ್ಲಮ್ಮ ಎಂಬ ಮುದುಕಿ ಬುಟ್ಟಿ ಹೊತ್ತು ಬಂದಳು.

"ಸರ್ಕಾರದೋರೇ ಕರೆದ್ರಲ್ಲಪ್ಪ, ನಿನ್ ಹೊಟ್ಟೆ ತಣ್ಣಗಿರ್ಲಿ! ನಮ್ಮನೇಲಿ ಒಲೆ ಹಚ್ಚಿ ಮೂರು ದಿನ ಆಗಿತ್ತು. ತಗಾ, ತಮಟೆ ಹೊಡೆಸಿದೋರಿಗೆ ದೊಡ್ಡ ಮೀನು. ನಮ್ ಪದ್ಧತಿ ಕಣಪ್ಪ."

ಕೈಗೆ ಇಟ್ಟಳು. ಮೊಟ್ಟೆ ತುಂಬಿದ ಹೊಟ್ಟೆ. ಕಿವಿರು ಇನ್ನೂ ಆಡುತ್ತಿತ್ತು... ನೀರು ಹುಡುಕಿ ಓಡಿದೆ. ಒಂದನೇ ಮಡುವಿನವರೆಗೂ ಓಡಿದೆ. ಎಲ್ಲಿದೆ ನೀರು?

ಸಂಜೆ ರಿಜಿಸ್ಟರ್ ತೆರೆದು ಬರೆದೆ.

ಏಳನೇ ಮಡು. ಆಳ: ಸೊನ್ನೆ. ಮೀನು: ಒಂದು, ವಾಚರ್ ಪಾಲು.