ಬಿಚ್ಚಿದ ಹೊಲಿಗೆ

ಬೆಳಿಗ್ಗೆ ಅಂಗಡಿ ತೆರೆದಾಗ ಹೊಲಿಗೆ ಯಂತ್ರದ ಪಕ್ಕದ ದಿಂಬು ಬರಿದಾಗಿತ್ತು. ಗುಂಡಿ ಇರಲಿಲ್ಲ. ಗುಂಡಿ ಎಂದರೆ ದರ್ಜಿ ಸೋದರಿಯರ ಬೂದು ಬೆಕ್ಕು. ವಯಸ್ಸು ಒಂಬತ್ತು. ದಿನಕ್ಕೊಂದು ಗುಳಿಗೆ ತಪ್ಪಿದರೆ ವಾರ ಬದುಕದು ಎಂದು ಪಶುವೈದ್ಯರು ಹೇಳಿದ್ದರು.

ತಂಗಿ ಅತ್ತಳು. ಅಕ್ಕ ಅಳಲಿಲ್ಲ. ಬೆಕ್ಕಿಗೆ ಬೀದಿಯೇನು ಹೊಸದಲ್ಲ ಎಂದು ಹೇಳಿ, ಸೊಂಟದ ಬೀಗದಕೈ ಮುಟ್ಟಿ ನೋಡಿಕೊಂಡು, ಹಿಂದಿನ ಬೀದಿಯ ಗೋದಾಮಿನಿಂದ ಬಟ್ಟೆ ತರಲು ಹೊರಟಳು.

ತಂಗಿ ಪೇದೆಯಮ್ಮನನ್ನು ಕರೆದಳು. ಪೊಲೀಸ್ ಕೆಲಸದಿಂದ ನಿವೃತ್ತರಾದ ಅವರು ಈಗ ಬೀದಿಯ ಮೊಬೈಲ್ ಗುಂಪನ್ನು ಠಾಣೆಯಂತೆಯೇ ನಡೆಸುತ್ತಿದ್ದರು. ಗುಂಡಿಯ ಕೊರಳಪಟ್ಟಿಯೊಳಗೆ ಒಂದು ಬಿಲ್ಲೆಯಿತ್ತು. ಗುಂಪಿನ ಯಾರ ಫೋನು ಅದರ ಸಮೀಪಕ್ಕೆ ಹೋದರೂ ನಕ್ಷೆಯಲ್ಲಿ ಚುಕ್ಕೆ ಮೂಡುತ್ತಿತ್ತು. ಬಕಲು ಕಳಚೀತೆಂದು ತಂಗಿ ಪಟ್ಟಿಯನ್ನು ಕೊರಳ ಸುತ್ತ ಹೊಲಿದೇ ಬಿಟ್ಟಿದ್ದಳು.

ಮೂರು ದಿನದಲ್ಲಿ ಊರ ತುಂಬ ಹನ್ನೊಂದು ಚುಕ್ಕೆಗಳು ಮೂಡಿದವು. ಊರೆಲ್ಲ ಸುತ್ತುವವನೆಂದು ಗುಂಪು ಕಸದ ಲಾರಿಯ ಚಾಲಕನನ್ನು ಶಂಕಿಸಿತು. ಅವನ ಅಂಗಳದಲ್ಲಿ ಬೂದು ಬೆಕ್ಕೊಂದು ಸಿಕ್ಕಿತು ಕೂಡ, ಆದರೆ ಅದರ ಬಾಲ ಮೋಟು, ಗುಂಡಿಯದು ಉದ್ದ. ನನ್ನ ಬೆಕ್ಕನ್ನು ನಾನೇ ಕದ್ದೆನೇ ಎಂದು ಅವನು ಕೇಳಿದ.

* * *

ಪೇದೆಯಮ್ಮ ಚುಕ್ಕೆಗಳ ವೇಳೆ ಬರೆದುಕೊಂಡರು. ಎರಡು ಚುಕ್ಕೆಗಳ ನಡುವೆ ಆರು ಕಿಲೋಮೀಟರು, ಹದಿನೈದು ನಿಮಿಷ. ಮುದಿ ಬೆಕ್ಕು ಅಷ್ಟು ಓಡದು, ಬಸ್ಸು ಓಡುತ್ತದೆ. ಗುಂಪಿನಲ್ಲಿದ್ದ ಕಂಡಕ್ಟರನೊಬ್ಬ ಆ ದಾರಿಯ ತನ್ನ ಬಸ್ಸಿನ ಸೀಟುಗಳನ್ನು ತಡಕಿ, ಸಂದಿಯೊಂದರಿಂದ ಪಟ್ಟಿಯನ್ನು ತೆಗೆದುಕೊಟ್ಟ.

ಪೇದೆಯಮ್ಮ ಅದನ್ನು ಬೆಳಕಿಗೆ ಹಿಡಿದರು. ಬಳಿಕ ಅಂಗಡಿಗೆ ಬಂದು ಗುಳಿಗೆಯ ಡಬ್ಬಿ ಕೇಳಿದರು. ಮೂವತ್ತರ ಡಬ್ಬಿ. ತಂಗಿ ಕೊಟ್ಟದ್ದು ಹನ್ನೆರಡು. ಹದಿನೆಂಟು ಉಳಿಯಬೇಕಿತ್ತು. ಇದ್ದದ್ದು ಹದಿನೈದು.

ಅಕ್ಕನ ಯಂತ್ರ ನಿಂತಿತು.

"ಬೇರೆ ಯಾರಾದ್ರೂ ಆಗಿದ್ರೆ ಪಟ್ಟೀನ ಕತ್ತರಿಸಿ ಬಿಸಾಕ್ತಿದ್ರು," ಎಂದರು ಪೇದೆಯಮ್ಮ ಅವಳತ್ತ ತಿರುಗಿ. "ಇಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದೆ, ಬಟ್ಟೆಗೆ ಗೀರೂ ಬಿದ್ದಿಲ್ಲ. ದರ್ಜಿ ಕೈ. ಪಟ್ಟೀನ ಬಸ್ಸಲ್ಲಿ ತುರುಕಿ ನಮ್ಮನ್ನ ಅದರ ಹಿಂದೆ ಓಡಿಸಿ, ದಿನಾ ಒಂದು ಗುಳಿಗೆ ಎತ್ಕೊಂಡು ಗೋದಾಮಿಗೆ ಹೋಗಿದ್ದೀಯ. ಸಾಯಿಸೋಕೆ ತಗೊಂಡು ಹೋದವಳು ಗುಳಿಗೆ ಕೊಡಲ್ಲ. ಬೀಗದಕೈ ಕೊಡಮ್ಮ."

ಅಕ್ಕ ಸೊಂಟದ ಬೀಗದಕೈ ಬಿಚ್ಚಿ ಯಂತ್ರದ ಮೇಲಿಟ್ಟಳು.

"ಅಂಗೈಯಗಲ ಇದ್ದಾಗಿಂದ ಸಾಕಿದ್ದು ನಾನು. ಇವಳು ಗಂಡನ ಮನೆ ಬಿಟ್ಟು ಬಂದು ವರ್ಷ ಆಗಿಲ್ಲ, ಇವಳ ಮಡಿಲಿಂದ ಏಳಲ್ಲ ಅದು. ನಾನು ಕರೆದ್ರೆ ಕಿವೀನೂ ಅಲ್ಲಾಡಿಸಲ್ಲ. ಒಂದು ವಾರ ನನ್ನ ಕೈಯಲ್ಲೇ ಉಂಡ್ರೆ ನೆನಪಾಗತ್ತೇನೋ ಅಂದ್ಕೊಂಡೆ."

* * *

ಗೋದಾಮಿನ ಬಾಗಿಲು ತೆರೆಯಿತು. ಗುಂಡಿ ಬಟ್ಟೆಯ ಥಾನುಗಳ ಮೇಲಿಂದ ಇಳಿದು, ಅಕ್ಕನನ್ನು ದಾಟಿ, ನೇರವಾಗಿ ತಂಗಿಯ ಕಾಲಿಗೆ ಮೈಯುಜ್ಜಿತು. ಅಕ್ಕ ಗೋಡೆಯತ್ತ ತಿರುಗಿದಳು.

ತಂಗಿ ಬೈಯುವಳೆಂದು ಪೇದೆಯಮ್ಮ ಕಾದರು. ಅವಳು ಬೆಕ್ಕಿನ ಬಾಯಿ ತೆರೆದು ನೋಡಿದಳು.

"ಮೂರು ದಿನಾನೂ ಗುಳಿಗೆ ನುಂಗ್ತಾ?"

"ಹೂಂ."

"ಒಂದೇ ಸಲಕ್ಕೆ?"

"ಒಂದೇ ಸಲಕ್ಕೆ."

"ನಾನು ಕೊಟ್ರೆ ಮೂರು ಮೂರು ಸಲ ಉಗುಳತ್ತೆ." ತಂಗಿಯ ಮುಖ ಸಣ್ಣದಾಯಿತು. "ಹೇಗೆ ಕೊಟ್ಟೆ ಅಕ್ಕ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದೊಂದು ಮಾತ್ರ ಹೇಳಲ್ಲ."