ಪಕ್ಕದ ಮನೆಯ ಕದಿರೇಶ

"ನಾಚ್ಕೆ ಆಗಲ್ವೇನ್ರೀ ನಿಮ್ಗೆ?!"

ಆದಿಲಕ್ಷ್ಮಿಯ ಸೀರೆಯಿಂದ ಮುಸುರೆ ನೀರು ಸೋರುತ್ತಿತ್ತು. ಆಗಷ್ಟೇ ಬಿಟ್ಟಿದ್ದ ರಂಗೋಲಿ ಕಲಸಿಹೋಗಿತ್ತು. ಎದುರಿಗೆ ಖಾಲಿ ಬಕೆಟ್ ಹಿಡಿದು ಒಬ್ಬ ಯುವಕ ನಿಂತಿದ್ದ.

ಅದು ೧೯೭೮ರ ಮುಳಬಾಗಿಲು. ಬಾಲವಾಡಿ ಟೀಚರ್ ಆದಿಲಕ್ಷ್ಮಿ, ಎದೆನೋವಿನ ತಾಯಿ ವೆಂಕಟರತ್ನಮ್ಮನ ಜೊತೆ ಆ ವಠಾರಕ್ಕೆ ಬಾಡಿಗೆಗೆ ಬಂದು ತಿಂಗಳೂ ಆಗಿರಲಿಲ್ಲ. ಪಕ್ಕದ ಮನೆಯ ಮುನಿರಾಮಪ್ಪನಿಗೆ ಅವರಿದ್ದ ಮನೆಯನ್ನು ತನ್ನ ಭಾಮೈದನಿಗೆ ಕೊಡಿಸಬೇಕಿತ್ತು. ಅದಕ್ಕೇ ಕುಡಿದು ಬಂದು ಬಾಗಿಲು ಒದೆಯುವುದು, ಹೊಲಸು ಬೈಗುಳ... ಈಗ ಮುಸುರೆ ನೀರು!

ಬಕೆಟ್ ಹಿಡಿದಿದ್ದವನು ಅವನ ತಮ್ಮ, ಟೈಲರ್ ಕದಿರೇಶ. ನೀರೆರಚಿದ ಅಣ್ಣನ ಕೈಯಿಂದ ಅದನ್ನು ಕಿತ್ತುಕೊಂಡಿದ್ದನಷ್ಟೇ. ಕಿಟಕಿಯಿಂದ ನೋಡಿದ್ದ ತಾಯಿ ಹೇಳಿದಾಗ ಆದಿಲಕ್ಷ್ಮಿಯ ಮುಖ ಬಾಡಿತು.

'ಅಯ್ಯೋ... ತಪ್ಪಿಲ್ಲದವರನ್ನ ಬೈದೆನಲ್ಲ!'

ಕ್ಷಮೆ ಕೇಳಿದಳು. ಅವನು ನಕ್ಕ. ಅಂದಿನಿಂದ ನಲ್ಲಿಯ ಬಳಿ ಎರಡು ಮಾತು, ವೆಂಕಟರತ್ನಮ್ಮನಿಗೆ ಅವನೇ ತಂದುಕೊಡುವ ಮಾತ್ರೆ... ಅವನ ಹೆಜ್ಜೆ ಸದ್ದಿಗೆ ಅವಳ ಕಿವಿ ಕಾಯತೊಡಗಿತು.

ಮುನಿರಾಮಪ್ಪನಿಗೆ ಅಷ್ಟೇ ಸಾಕಾಯಿತು. ಟೀಚರಮ್ಮನ ಮನೆಗೆ ಗಂಡಸರು ಬಂದು ಹೋಗುತ್ತಾರೆಂದು ಊರೆಲ್ಲ ಹಬ್ಬಿಸಿದ. ಮನೆ ಮಾಲೀಕ ಚನ್ನರಾಯಪ್ಪ ಬಂದರು.

"ವಠಾರದ ಮರ್ಯಾದೆ ಹೋಗ್ತೈತೆ. ಖಾಲಿ ಮಾಡಮ್ಮ."

ಆದಿಲಕ್ಷ್ಮಿ ಅಲ್ಲೇ ನಿಂತಿದ್ದ ಕದಿರೇಶನತ್ತ ತಿರುಗಿದಳು. "ನಿಜ ಏನಂತ ನಿಮ್ಗೆ ಗೊತ್ತು. ಹೇಳಿ... ಒಂದ್ಸಲ ಹೇಳಿ!"

ತಂದೆಯಿಲ್ಲದ ಅವನನ್ನು ಸಾಕಿದ ಅಣ್ಣ ಕಣ್ಣು ಕೆಂಪಗೆ ಮಾಡಿ ನಿಂತಿದ್ದ. ಕದಿರೇಶ ತಲೆ ತಗ್ಗಿಸಿದ.

ಆ ದಿನ ಹಾಸಿಗೆ ಹಿಡಿದ ವೆಂಕಟರತ್ನಮ್ಮ ಮತ್ತೆ ಏಳಲಿಲ್ಲ. "ನಮ್ಮನ್ನ ಕೆಟ್ಟೋರು ಅಂದ್ಬಿಟ್ರಲ್ಲೇ ಲಚ್ಚಮ್ಮಾ..." ಅದೇ ಅವರ ಕೊನೆಯ ಮಾತು.

ತಿಥಿ ಮುಗಿಸಿ ಆದಿಲಕ್ಷ್ಮಿ ಸಾಮಾನನ್ನು ಜಟಕಾಗೆ ಏರಿಸುತ್ತಿದ್ದಳು. ಚನ್ನರಾಯಪ್ಪನವರನ್ನು ಕರೆತಂದ ಕದಿರೇಶ ಅಂಗಳದ ನಡುವೆ ನಿಂತ.

"ಎಲ್ರೂ ಕೇಳಿ! ಆ ಮನೆಗೆ ಹೋಗ್ತಿದ್ದೋನು ನಾನೊಬ್ನೇ, ಮಾತ್ರೆ ಕೊಡಕ್ಕೆ. ಬಾಗ್ಲು ಒದ್ದಿದ್ದು, ಸುಳ್ಳು ಹಬ್ಬಿಸಿದ್ದು ನಮ್ಮಣ್ಣ. ನೋಡ್ಕೊಂಡು ಸುಮ್ನಿದ್ದೋನು ನಾನು. ಸ್ಟೇಷನ್‌ನಲ್ಲೂ ಹೇಳಿ ಬಂದಿದೀನಿ!"

ಮುನಿರಾಮಪ್ಪ ಅವನ ಕೆನ್ನೆಗೆ ಬಾರಿಸಿದ. "ಇವತ್ತಿಂದ ನೀನು ನನ್ ತಮ್ಮಾನೇ ಅಲ್ಲ ಕಣೋ!"

ಕದಿರೇಶ ಕದಲಲಿಲ್ಲ.

"ಮನೆ ಖಾಲಿ ಮಾಡ್ಬೇಕಾಗಿರೋದು ನೀನು," ಎಂದು ಮುನಿರಾಮಪ್ಪನಿಗೆ ಹೇಳಿ ಚನ್ನರಾಯಪ್ಪ ಅವಳತ್ತ ತಿರುಗಿದರು. "ತಪ್ಪಾಯ್ತು ತಾಯೀ. ಇಲ್ಲೇ ಇರಮ್ಮ."

"ಯಾರಿಗೋಸ್ಕರ ಇರ್ಲಿ?"

ಅವಳು ಜಟಕಾ ಹತ್ತಿ ಕುಳಿತಳು. ಕದಿರೇಶ ಬಳಿಗೆ ಬಂದ.

"ನೀವಂದ್ರೆ ನಂಗೆ ಪ್ರಾಣ. ಹೇಳೋ ಯೋಗ್ಯತೆ ಇಲ್ಲ... ಹೇಳ್ದೆ ಕಳಿಸಿದ್ರೆ ಮತ್ತೆ ಸುಮ್ನಿದ್ದಂಗಾಗತ್ತೆ."

"ಅಮ್ಮ ಇದ್ದಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಹೆದರ್ಕೊಂಡೆ."

ಬೇರೆ ನೆಪ ಹೇಳಲಿಲ್ಲ. ತಾಯಿಯನ್ನು ಮಣ್ಣು ಮಾಡಿದಾಗಲೂ ಬಾರದ ಅಳು ಆದಿಲಕ್ಷ್ಮಿಗೆ ಈಗ ಬಂತು. ಅತ್ತು ಅತ್ತು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಕೆನ್ನೆಯ ಮೇಲೆ ಅಣ್ಣನ ಬೆರಳುಗಳ ಗುರುತು ಮೂಡಿತ್ತು.

"ನೋವಾಗ್ತಿದ್ಯಾ?"

"ಇಲ್ಲ."

"ಸುಳ್ಳು ಹೇಳ್ಬೇಡಿ."

"...ಆಗ್ತಿದೆ."

"ಗೌನಿಪಲ್ಲೀಲಿ ನಮ್ಮ ಸೋದರಮಾವ ಇದಾರೆ. ಅಮ್ಮನ ವರ್ಷ ಕಳೀಲಿ. ಅಲ್ಲಿಗೆ ಬಂದು ಹೆಣ್ಣು ಕೇಳಿ."

ಅವನ ಕಣ್ಣು ತುಂಬಿತು. "ಹೆಂಗೆ ಕೇಳ್ಲಿ?"

"ಜೋರಾಗಿ," ಎಂದಳು ಆದಿಲಕ್ಷ್ಮಿ. "ಎಲ್ರಿಗೂ ಕೇಳ್ಸೋ ಹಂಗೆ."